ಫುಟ್‌ಬಾಲ್, ಕ್ರಿಕೆಟ್ ಎರಡನ್ನೂ ದೊಡ್ಡ ಮಟ್ಟದಲ್ಲಿ ಆಡಿದವರು ನಮ್ಮ ದೇಶದಲ್ಲಿ ಯಾರಾದರೂ ಇದ್ದಾರಾ?

ಇದ್ದಾರೆ. ಚುನಿ ಗೋಸ್ವಾಮಿ.

ನಿಮ್ಮ ಮಗ ಎಂಟನೇ ಕ್ಲಾಸು, ಥಾಣೆಯ ಶಾಲೆಯಲ್ಲಿ ಎರಡೂ ಟೀಮಿನಲ್ಲಿದ್ದಾನೆ, ಕೋಚ್ ಈಗಲೇ ಒಂದನ್ನು ಬಿಡು ಎನ್ನುತ್ತಿದ್ದಾರೆ ಎಂದು ಬರೆದಿದ್ದೀರಿ. ನಾನು ಮಾಟುಂಗಾದಲ್ಲಿ ಬೆಳೆದವನು, ಈಗ ಆಜಾದ್ ಮೈದಾನದಲ್ಲಿ ಹುಡುಗರಿಗೆ ಕ್ರಿಕೆಟ್ ಹೇಳಿಕೊಡುತ್ತೇನೆ. ಈ ಪ್ರಶ್ನೆ ಹೊತ್ತು ಬರುವ ಅಪ್ಪ ಅಮ್ಮಂದಿರು ನನಗೂ ಸಿಗುತ್ತಾರೆ. ಅವರಿಗೆ ಹೇಳುವುದನ್ನೇ ನಿಮಗೂ ಹೇಳುತ್ತೇನೆ. ಸ್ವಲ್ಪ ಉದ್ದ ಆಗುತ್ತದೆ, ಏಕೆಂದರೆ ಚುನಿ ಬಗ್ಗೆ ಚಿಕ್ಕದಾಗಿ ಹೇಳಲು ನನಗೆ ಮನಸ್ಸಿಲ್ಲ.

ನಿಜವಾದ ಹೆಸರು ಸುಬಿಮಲ್ ಗೋಸ್ವಾಮಿ. ಹುಟ್ಟಿದ್ದು 1938ರಲ್ಲಿ, ಈಗ ಬಾಂಗ್ಲಾದೇಶಕ್ಕೆ ಸೇರಿರುವ ಕಿಶೋರ್‌ಗಂಜ್‌ನಲ್ಲಿ. ಎಂಟು ವರ್ಷಕ್ಕೇ ಕೋಲ್ಕತ್ತಾದ ಮೋಹನ್ ಬಾಗಾನ್ ಕ್ಲಬ್‌ನ ಜೂನಿಯರ್ ಟೀಮಿಗೆ ಸೇರಿದರು, 1954ರಲ್ಲಿ ಸೀನಿಯರ್ ಟೀಮಿಗೆ ಬಂದರು, 1968ರವರೆಗೆ ಅಲ್ಲೇ ಆಡಿದರು. ಬೇರೆ ಕ್ಲಬ್ಬಿನ ಅಂಗಿ ಹಾಕಲೇ ಇಲ್ಲ. ಇಂಗ್ಲೆಂಡಿನ ಟಾಟನ್‌ಹ್ಯಾಮ್‌ನಿಂದ ಟ್ರಯಲ್‌ಗೆ ಕರೆ ಬಂದಿತ್ತು, ಆದರೂ ಹೋಗಲಿಲ್ಲ. ಭಾರತಕ್ಕೆ ಆಡಲು ಶುರು ಮಾಡಿದ್ದು 1956ರಲ್ಲಿ. 1960ರ ರೋಮ್ ಒಲಿಂಪಿಕ್ಸ್‌ನಲ್ಲೂ ಇದ್ದರು. ಚುನಿ, ಪಿ.ಕೆ. ಬ್ಯಾನರ್ಜಿ, ಬಲರಾಂ, ಈ ಮೂವರು ಒಟ್ಟಿಗೆ ಮುಂದೆ ನುಗ್ಗುತ್ತಿದ್ದ ಕಾಲ ಅದು.

1962ರ ಜಕಾರ್ತಾ ಏಷ್ಯನ್ ಗೇಮ್ಸ್ ಬಗ್ಗೆ ಮಾತ್ರ ನಿಮ್ಮ ಮಗನಿಗೆ ಕೂರಿಸಿಕೊಂಡು ಹೇಳಿ. ಚುನಿ ನಾಯಕ, ಸೈಯದ್ ಅಬ್ದುಲ್ ರಹೀಮ್ ಕೋಚ್. ಮೊದಲ ಪಂದ್ಯದಲ್ಲೇ ದಕ್ಷಿಣ ಕೊರಿಯಾ ಎದುರು 0-2ರಿಂದ ಸೋಲು. ಆಮೇಲೆ ಥಾಯ್ಲೆಂಡ್, ಜಪಾನ್ ಎರಡನ್ನೂ ಸೋಲಿಸಿ ಸೆಮಿಫೈನಲ್‌ಗೆ ಬಂದರು. ಅಲ್ಲಿ ದಕ್ಷಿಣ ವಿಯೆಟ್ನಾಂ ಮೇಲೆ 3-2ರ ಗೆಲುವು, ಅದರಲ್ಲಿ ಎರಡು ಗೋಲು ಚುನಿಯದು. ಫೈನಲ್‌ನಲ್ಲಿ ಮತ್ತೆ ಅದೇ ಕೊರಿಯಾ. ಇಂಡೋನೇಷ್ಯಾದವರು ಇಸ್ರೇಲ್ ಮತ್ತು ತೈವಾನ್ ಆಟಗಾರರಿಗೆ ಬರಲು ಬಿಟ್ಟಿರಲಿಲ್ಲ, ಅದನ್ನು ನಮ್ಮ ದೇಶದ ಕ್ರೀಡಾ ಅಧಿಕಾರಿ ಜಿ.ಡಿ. ಸೋಂಧಿ ಖಂಡಿಸಿದ್ದರು, ಹಾಗಾಗಿ ಆ ಊರಿನ ಜನಕ್ಕೆ ಭಾರತದ ಮೇಲೆ ಸಿಟ್ಟು. ಇಡೀ ಸ್ಟೇಡಿಯಂ ನಮ್ಮವರ ವಿರುದ್ಧ ಕೂಗುತ್ತಿತ್ತು. ಜರ್ನೈಲ್ ಸಿಂಗ್ ಹಿಂದೆ ನಿಂತು ತಡೆಯುವ ಆಟಗಾರ, ತಲೆಗೆ ಪೆಟ್ಟಾಗಿ ಹೊಲಿಗೆ ಬಿದ್ದಿದ್ದರಿಂದ ಅವರನ್ನು ಮುಂದೆ ಆಡಿಸಿದ್ದರು. ಅವರೂ ಗೋಲು ಹೊಡೆದರು, ಪಿ.ಕೆ. ಕೂಡ ಹೊಡೆದರು, 2-1. ಆ ಟೀಮಿನಲ್ಲಿ ನಮ್ಮ ಮುಂಬೈನ ಟಾಟಾ ಕ್ಲಬ್‌ಗೆ ಆಡುತ್ತಿದ್ದ, ಗೋವಾ ಮೂಲದ ಫ್ರಾಂಕೊ ಕೂಡ ಇದ್ದರು. ಆಮೇಲೆ ಇವತ್ತಿನವರೆಗೆ ಏಷ್ಯನ್ ಗೇಮ್ಸ್ ಫುಟ್‌ಬಾಲಿನಲ್ಲಿ ಭಾರತಕ್ಕೆ ಚಿನ್ನ ಬಂದಿಲ್ಲ.

ಈ ಫೈನಲ್ ನಡೆದದ್ದು ಸೆಪ್ಟೆಂಬರ್ 4ಕ್ಕೆ. ಅದೇ ಸಾಲಿನ ಚಳಿಗಾಲದಲ್ಲಿ, ಅಂದರೆ 1962–63ರಲ್ಲಿ, ಚುನಿ ಬಂಗಾಳಕ್ಕೆ ರಣಜಿ ಆಡಲು ಇಳಿದರು! ಏಷ್ಯಾದ ಚಾಂಪಿಯನ್ ಟೀಮಿನ ಕ್ಯಾಪ್ಟನ್, ಬಿಳಿ ಪ್ಯಾಂಟು ಹಾಕಿಕೊಂಡು ಹೊಸಬನಾಗಿ ಬ್ಯಾಟ್ ಹಿಡಿದು ಬಂದಿದ್ದಾರೆ. ನನಗೆ ಇವತ್ತಿಗೂ ಅದು ನಂಬಲು ಕಷ್ಟ.

'ಫುಟ್‌ಬಾಲಿಗ, ಟೈಮ್‌ಪಾಸ್‌ಗೆ ಕ್ರಿಕೆಟ್ ಕೂಡ ಆಡುತ್ತಿದ್ದ' ಎಂದು ಜನ ಅವರ ಬಗ್ಗೆ ಹೇಳುವಾಗ ನನಗೆ ನಿಜಕ್ಕೂ ಬೇಜಾರಾಗುತ್ತದೆ. ಲೆಕ್ಕ ನೋಡಿ. 46 ಫಸ್ಟ್ ಕ್ಲಾಸ್ ಪಂದ್ಯ, 1592 ರನ್, ಒಂದು ಸೆಂಚುರಿ. ಮೀಡಿಯಂ ಪೇಸ್ ಹಾಕಿ 47 ವಿಕೆಟ್, ಒಂದು ವಿಕೆಟ್‌ಗೆ ಕೊಟ್ಟ ರನ್ ಸರಾಸರಿ 24ರ ಆಸುಪಾಸು. 24 ಸರಾಸರಿಯ ಬೌಲರ್ ಟೈಮ್‌ಪಾಸ್ ಬೌಲರ್ ಅಲ್ಲ. 1966ರಲ್ಲಿ ಸೋಬರ್ಸ್ ನಾಯಕತ್ವದ ವೆಸ್ಟ್ ಇಂಡೀಸ್ ಭಾರತಕ್ಕೆ ಬಂದಿತ್ತು. ಇಂದೋರ್‌ನಲ್ಲಿ ಸೆಂಟ್ರಲ್ ಮತ್ತು ಈಸ್ಟ್ ಝೋನ್‌ಗಳ ಜಂಟಿ ಟೀಮು ಅವರನ್ನು ಇನ್ನಿಂಗ್ಸ್ ಅಂತರದಲ್ಲಿ ಸೋಲಿಸಿತು. ಬೌಲಿಂಗ್‌ಗೆ ಸುಬ್ರತ ಗುಹಾ ಒಂದು ಕಡೆ, ಚುನಿ ಇನ್ನೊಂದು ಕಡೆ. ಚುನಿಗೆ ಆ ಪಂದ್ಯದಲ್ಲಿ 8 ವಿಕೆಟ್. ಆಗಿನ ವೆಸ್ಟ್ ಇಂಡೀಸ್ ಎಂದರೆ ಏನು ಎಂದು ಕ್ರಿಕೆಟ್ ನೋಡುವವರಿಗೆ ನಾನು ಹೇಳಬೇಕಾಗಿಲ್ಲ.

ಇನ್ನು ಮುಂಬೈ. 1968–69ರ ರಣಜಿ ಫೈನಲ್, ಬ್ರೆಬೋರ್ನ್ ಸ್ಟೇಡಿಯಂ, ಬಾಂಬೆ ಎದುರು ಬಂಗಾಳ. ಚುನಿ ಹೊಡೆದದ್ದು 96 ಮತ್ತು 84. ಮೊದಲ ಇನ್ನಿಂಗ್ಸ್ ಲೀಡ್ ಮೇಲೆ ಕಪ್ ಬಾಂಬೆಗೆ ಹೋಯಿತು. ಮತ್ತೆ 1971–72ರಲ್ಲಿ ಅದೇ ಬ್ರೆಬೋರ್ನ್, ಅದೇ ಎರಡು ಟೀಮು, ಈ ಸಲ ಚುನಿ ಬಂಗಾಳದ ನಾಯಕ. ಮತ್ತೆ ಬಾಂಬೆಯೇ ಗೆದ್ದಿತು. ಆಗ ಬಾಂಬೆಯನ್ನು ಯಾರೂ ಅಲುಗಾಡಿಸಲು ಆಗುತ್ತಿರಲಿಲ್ಲ, ಸತತ 15 ವರ್ಷ ರಣಜಿ ಅವರದೇ. ಆ ಸರಪಳಿ ಕಡಿದದ್ದು ನಮ್ಮ ಕರ್ನಾಟಕ, 1973–74ರ ಸೆಮಿಫೈನಲ್‌ನಲ್ಲಿ, ಪ್ರಸನ್ನ, ಚಂದ್ರಶೇಖರ್, ವಿಶ್ವನಾಥ್ ಇದ್ದ ಟೀಮು, ಬೆಂಗಳೂರಿನಲ್ಲಿ. ಅದು ಬೇರೆ ಕಥೆ, ಆದರೆ ಮುಂಬೈನಲ್ಲಿರುವ ಕನ್ನಡಿಗನಾಗಿ ಅದನ್ನು ಹೇಳದೆ ಮುಂದೆ ಹೋಗಲಾರೆ. ಅಂಥ ಬಾಂಬೆ ಎದುರು, ಅವರದೇ ಗ್ರೌಂಡಿನಲ್ಲಿ, ಫೈನಲ್‌ನಲ್ಲಿ 96 ಮತ್ತು 84 ಎಂದರೆ ಸುಮ್ನೆ ಅಲ್ಲ.

ನಮ್ಮ ದೊಡ್ಡಪ್ಪ ಕುಂದಾಪುರ ಕಡೆಯಿಂದ ಬಂದು ಫೋರ್ಟ್‌ನ ಹೋಟೆಲೊಂದರಲ್ಲಿ ದುಡಿಯುತ್ತಾ ರಾತ್ರಿ ಶಾಲೆಯಲ್ಲಿ ಓದಿದವರು. ಮಧ್ಯಾಹ್ನದ ಊಟದ ಗಲಾಟೆ ಮುಗಿದ ಮೇಲೆ ಸಿಗುತ್ತಿದ್ದ ಬಿಡುವಿನಲ್ಲಿ ಕೂಪರೇಜ್ ಮೈದಾನಕ್ಕೆ ಓಡಿ ರೋವರ್ಸ್ ಕಪ್ ಫುಟ್‌ಬಾಲ್ ಟೂರ್ನಿ ನೋಡುತ್ತಿದ್ದರು. (ಆ ಕಪ್ಪನ್ನು ಮೊದಲು ಗೆದ್ದ ಭಾರತೀಯರ ಟೀಮು ಬೆಂಗಳೂರು ಮುಸ್ಲಿಮ್ಸ್, 1937ರಲ್ಲಿ. ನಮ್ಮವರಿಗೇ ಇದು ಗೊತ್ತಿಲ್ಲ.) ಮೋಹನ್ ಬಾಗಾನ್ ಬಂದಾಗ ಚುನಿ ಆಟವನ್ನು ಅಲ್ಲಿ ನೋಡಿದ್ದರು. ಮುಂದೆ ಅದೇ ಮನುಷ್ಯ ಬ್ರೆಬೋರ್ನ್‌ನಲ್ಲಿ ಬ್ಯಾಟ್ ಮಾಡುವುದನ್ನೂ ನೋಡಿದರು. ಕೂಪರೇಜ್‌ನಿಂದ ಬ್ರೆಬೋರ್ನ್‌ಗೆ ನಡೆದೇ ಹೋಗಬಹುದು. 'ಎರಡು ಕಡೆಯೂ ಅವನ ಕಾಲು ನೋಡಬೇಕಿತ್ತು ಮಾರಾಯ, ಎಲ್ಲಿ ಇಡಬೇಕೋ ಅಲ್ಲೇ ಇಡುತ್ತಿದ್ದ' ಎನ್ನುತ್ತಿದ್ದರು. ನಾನು ಹುಡುಗರಿಗೆ ಫುಟ್‌ವರ್ಕ್ ಹೇಳಿಕೊಡುವಾಗ ಈ ಮಾತು ಹೇಳುತ್ತೇನೆ.

ಈಗ ನಿಮಗೆ ಬೇಕಾದ ವಿಷಯ, ಅವರಿಂದ ಇದು ಹೇಗೆ ಸಾಧ್ಯವಾಯಿತು. ಪ್ರತಿಭೆ ಇತ್ತು, ಸರಿ. ಅದರಷ್ಟೇ ಮುಖ್ಯವಾದದ್ದು ಕ್ಯಾಲೆಂಡರ್. ಕೋಲ್ಕತ್ತಾದ ಫುಟ್‌ಬಾಲ್ ಲೀಗ್ ಬೇಸಿಗೆ ಮತ್ತು ಮಳೆಗಾಲದ್ದು. ರಣಜಿ ಚಳಿಗಾಲದ್ದು. ಈಸ್ಟ್ ಝೋನ್‌ನಲ್ಲಿ ಆಗ ಬಂಗಾಳ, ಬಿಹಾರ, ಒಡಿಶಾ, ಅಸ್ಸಾಂ ಅಷ್ಟೇ. ಮೂರು ಲೀಗ್ ಪಂದ್ಯ, ಮುಂದೆ ಹೋದರೆ ನಾಕೌಟ್. ಅದಕ್ಕೇ ನೋಡಿ, ಹತ್ತು ಹನ್ನೊಂದು ಸೀಸನ್‌ನಲ್ಲಿ ಅವರು ಆಡಿದ್ದು 46 ಫಸ್ಟ್ ಕ್ಲಾಸ್ ಪಂದ್ಯ ಮಾತ್ರ. ಡ್ಯುರಾಂಡ್, ರೋವರ್ಸ್ ಕಪ್‌ಗಳು ಚಳಿಗಾಲದ ಕಡೆಗೆ ಬಂದಾಗ ಜಗ್ಗಾಟ ಇದ್ದೇ ಇರುತ್ತಿತ್ತು, ಆದರೆ ಇಡೀ ವರ್ಷ ಡಿಕ್ಕಿ ಹೊಡೆಯುತ್ತಿರಲಿಲ್ಲ. ಹೊಟ್ಟೆಪಾಡಿಗೆ ಬ್ಯಾಂಕಿನ ಕೆಲಸ ಇತ್ತು. ಎರಡೂ ಆಟದಲ್ಲಿ ಆಗ ಈಗಿನಂಥ ದುಡ್ಡಿರಲಿಲ್ಲ, ಹಾಗಾಗಿ ಯಾವ ಕ್ಲಬ್ಬೂ ಆಟಗಾರನ ಇಡೀ ವರ್ಷವನ್ನು ಕೊಂಡುಕೊಳ್ಳುತ್ತಿರಲಿಲ್ಲ.

ಇನ್ನೊಂದು ವಿಷಯ ಗಮನಿಸಿ. ಅವರು ಎರಡರಲ್ಲೂ ಒಂದೇ ಸಮಯಕ್ಕೆ ತುತ್ತತುದಿಯಲ್ಲಿ ಇರಲಿಲ್ಲ. 1964ರ ಏಷ್ಯನ್ ಕಪ್‌ನಲ್ಲಿ ಭಾರತ ಎರಡನೇ ಸ್ಥಾನ ಪಡೆಯಿತು, ಅದೇ ವರ್ಷ ಅವರು ದೇಶದ ಟೀಮಿನಿಂದ ಹೊರಬಂದರು, ಕ್ಲಬ್‌ಗೆ ಮಾತ್ರ ಆಡುತ್ತಿದ್ದರು. ವಯಸ್ಸು ಇನ್ನೂ ಇಪ್ಪತ್ತಾರು ದಾಟಿ ಇಪ್ಪತ್ತೇಳರ ಹತ್ತಿರ ಅಷ್ಟೇ. ಇಂದೋರ್‌ನ ಆ 8 ವಿಕೆಟ್, ಬ್ರೆಬೋರ್ನ್‌ನ ಆ ರನ್ನು, ನಾಯಕತ್ವ, ಎಲ್ಲ ಆಮೇಲಿನದು. ಅಷ್ಟು ಬೇಗ ಭಾರತದ ಟೀಮು ಬಿಟ್ಟದ್ದು ದೇಶಕ್ಕೆ ನಷ್ಟ ಎಂದೇ ನನ್ನ ಅಭಿಪ್ರಾಯ, ಆದರೆ ಅದರಿಂದಲೇ ಕ್ರಿಕೆಟ್‌ಗೆ ಜಾಗ ಸಿಕ್ಕಿತು.

ಹೊರದೇಶದವರಲ್ಲಿ ಡೆನಿಸ್ ಕಾಂಪ್ಟನ್ ಹೆಸರು ಕೇಳಿರುತ್ತೀರಿ. ಇಂಗ್ಲೆಂಡಿಗೆ 78 ಟೆಸ್ಟ್, 1947ರ ಒಂದೇ ಸೀಸನ್‌ನಲ್ಲಿ 18 ಸೆಂಚುರಿ. ಆರ್ಸೆನಲ್‌ಗೆ ಎಡಗಡೆ ವಿಂಗರ್ ಆಗಿ ಲೀಗ್ ಗೆದ್ದರು, 1950ರಲ್ಲಿ ಎಫ್‌.ಎ. ಕಪ್ ಕೂಡ. ಯುದ್ಧದ ಕಾಲದಲ್ಲಿ ಸೈನ್ಯದ ಕೆಲಸದ ಮೇಲೆ ಭಾರತಕ್ಕೆ ಬಂದಿದ್ದ ಅವರು ಸಿ.ಕೆ. ನಾಯುಡು ಅವರ ಹೋಳ್ಕರ್ ಟೀಮಿಗೆ ರಣಜಿ ಆಡಿದರು. 1945ರ ಫೈನಲ್‌ನಲ್ಲಿ ಬಾಂಬೆ ಎದುರು ಔಟಾಗದೆ 249! ಅದೂ ಬ್ರೆಬೋರ್ನ್‌ನಲ್ಲೇ. ಆದರೂ ಹೋಳ್ಕರ್ ಸೋತಿತು. ಆದರೆ ಕಾಂಪ್ಟನ್‌ಗೆ ಎರಡು ಆಟದ ಬೆಲೆ ಮೊಣಕಾಲಿಗೆ ಬಿತ್ತು. ಫುಟ್‌ಬಾಲ್‌ನಲ್ಲಿ ಆದ ಪೆಟ್ಟು ವರ್ಷಗಟ್ಟಲೆ ಕಾಡಿ, ಕೊನೆಗೆ 1955ರಲ್ಲಿ ಮಂಡಿಚಿಪ್ಪನ್ನೇ ತೆಗೆಯಬೇಕಾಯಿತು. ನಿಮ್ಮ ಮಗನ ಕೋಚ್ ಹೆದರುವುದು ಇದಕ್ಕೇ ಇದ್ದರೆ ಅವರ ಮಾತು ತಳ್ಳಿಹಾಕುವಂಥದ್ದಲ್ಲ.

ಈಚಿನವರು ಎಂದರೆ ಆಸ್ಟ್ರೇಲಿಯಾದ ಎಲಿಸ್ ಪೆರ್ರಿ. 16ನೇ ವಯಸ್ಸಿಗೇ ದೇಶಕ್ಕೆ ಎರಡನ್ನೂ ಆಡಿದರು, 2011ರ ಫುಟ್‌ಬಾಲ್ ವಿಶ್ವಕಪ್‌ನಲ್ಲಿ ಗೋಲು ಹೊಡೆದರು. ಕೊನೆಗೆ ಅವರೂ ಕ್ರಿಕೆಟ್ ಒಂದನ್ನೇ ಉಳಿಸಿಕೊಂಡರು.

ಇವತ್ತು ನಮ್ಮಲ್ಲಿ ಇನ್ನೊಬ್ಬ ಚುನಿ ಬರುವುದು ತುಂಬ ಕಷ್ಟ. ಫುಟ್‌ಬಾಲಿನ ಇಂಡಿಯನ್ ಸೂಪರ್ ಲೀಗ್ ಸೀಸನ್ ಸಾಮಾನ್ಯವಾಗಿ ಚಳಿಗಾಲವನ್ನು ನುಂಗುತ್ತದೆ. ರಣಜಿಯಲ್ಲಿ ಲೀಗ್ ಹಂತದಲ್ಲೇ ಏಳು ಪಂದ್ಯ, ಜೊತೆಗೆ ವಿಜಯ್ ಹಜಾರೆ, ಮುಷ್ತಾಕ್ ಅಲಿ ಟೂರ್ನಿಗಳು. ಎರಡೂ ಒಂದೇ ತಿಂಗಳಲ್ಲಿ ಕೂತಿವೆ. ಆದರೆ ನಿಮ್ಮ ಮಗನಿಗೆ ಹದಿಮೂರು ಹದಿನಾಲ್ಕು ವರ್ಷ, ಅವನ ಕ್ಯಾಲೆಂಡರ್ ಇನ್ನೂ ಚುನಿ ಕಾಲದ್ದೇ! ಮುಂಬೈ ಕಡೆ ಶಾಲಾ ಫುಟ್‌ಬಾಲ್ ಜಾಸ್ತಿ ನಡೆಯುವುದು ಮಳೆಗಾಲದಲ್ಲಿ, ಶಾಲಾ ಕ್ರಿಕೆಟ್‌ನ ಗೈಲ್ಸ್ ಶೀಲ್ಡ್, ಹ್ಯಾರಿಸ್ ಶೀಲ್ಡ್ ಟೂರ್ನಿಗಳು ಶುರುವಾಗುವುದು ಮಳೆ ಹೋದ ಮೇಲೆ. ನನ್ನ ಹತ್ತಿರ ಬರುವ ಹುಡುಗರಲ್ಲಿ ಜುಲೈ, ಆಗಸ್ಟ್‌ನಲ್ಲಿ ಕೆಸರಿನಲ್ಲಿ ಬಾಲ್ ಒದ್ದು ಬಂದವರು ಅಕ್ಟೋಬರ್‌ನಲ್ಲಿ ರನ್ ಓಡುವಾಗ ಬೇರೆಯವರಿಗಿಂತ ಚುರುಕಾಗಿರುತ್ತಾರೆ, ದಿನದ ಕೊನೆಗೂ ಸುಸ್ತಾಗುವುದಿಲ್ಲ. ಹದಿನಾರರವರೆಗೆ ಎರಡನ್ನೂ ಆಡಿಸಿ. ಒಂದೇ ದಿನ ಎರಡರ ಪ್ರಾಕ್ಟೀಸ್ ಮಾತ್ರ ಬೇಡ, ವಾರದಲ್ಲಿ ಒಂದು ದಿನ ಪೂರ್ತಿ ರೆಸ್ಟ್ ಕೊಡಿ, ಮೊಣಕಾಲು ನೋವು ಎಂದರೆ 'ಬೆಳೆಯುವ ವಯಸ್ಸು' ಎಂದು ಬಿಡದೆ ಡಾಕ್ಟರಿಗೆ ತೋರಿಸಿ. ಕೋಚ್‌ಗೂ ಇದನ್ನೇ ಹೇಳಿ ನೋಡಿ, ಎರಡೂ ಸೀಸನ್‌ನ ತಾರೀಖುಗಳನ್ನು ಒಂದು ಹಾಳೆಯಲ್ಲಿ ಬರೆದುಕೊಂಡು ಹೋಗಿ. ಡಿಕ್ಕಿ ಎಲ್ಲಿದೆ ಎಂದು ಇಬ್ಬರಿಗೂ ಅಲ್ಲೇ ಕಾಣುತ್ತದೆ.