ಓದುಗರ ಪ್ರಶ್ನೆ: ಹೊಗಳಿಕೆಯ ಬೆನ್ನಿಗೆ ಸಾಲದ ಮಾತು ಬಂದರೆ

ಪ್ರಶ್ನೆ: ಮನೆಯಲ್ಲೇ ಖಣ ನೇಯುತ್ತೇನೆ. ಕೆಲವು ತಿಂಗಳಿಂದ ನಮ್ಮ ಓಣಿಯಲ್ಲಿ ಪ್ರಾರ್ಥನಾ ಕೂಟ ನಡೆಸುವ ಸಹೋದರರೊಬ್ಬರು ಬಂದಾಗಲೆಲ್ಲ, "ಅಕ್ಕಾರ, ನಿಮ್ಮಂಥಾ ವಿಶ್ವಾಸಿ ಈ ಊರಾಗ ಇಲ್ಲ. ನಿಮ್ಮ ಚರ್ಚ್ ಸಭೆಯವರಿಗೆ ನಿಮ್ಮ ಬೆಲೆ ಗೊತ್ತಿಲ್ಲ" ಅನ್ನುತ್ತಾರೆ. ಈಗ ಮಹಿಳಾ ಸಂಘದಿಂದ ನನ್ನ ಹೆಸರಿನಲ್ಲಿ 50,000 ರೂಪಾಯಿ ಸಾಲ ಎತ್ತಿಕೊಡಲು ಕೇಳುತ್ತಿದ್ದಾರೆ. ದೇವರೇ ನನ್ನ ಹೆಸರು ತೋರಿಸಿದ್ದಾರಂತೆ. ಒಲ್ಲೆ ಅಂದರೆ ದೇವರ ಸೇವಕರನ್ನು ನೋಯಿಸಿದಂತೆ ಆಗುವುದೇ?
— ಹೆಸರು ಬೇಡ, ಗುಳೇದಗುಡ್ಡ

ಉತ್ತರ: ಸಾಲ ಎತ್ತಿಕೊಡಬೇಡಿ. ಸಹಿ ನಿಮ್ಮದಾದರೆ ಕಂತೂ ನಿಮ್ಮದೇ. ನೀವು ತಪ್ಪಿದರೆ ಸಂಘದ ಉಳಿದ ಹೆಣ್ಣುಮಕ್ಕಳಿಗೂ ತೊಂದರೆ. ಕಾಣಿಕೆ ಇದ್ದುದರಲ್ಲಿ ಕೊಡುವಂಥದ್ದು, ಇಲ್ಲದ್ದನ್ನು ತಂದು ಕೊಡುವಂಥದ್ದಲ್ಲ (ಬೈಬಲಿನ 2 ಕೊರಿಂಥ ಪತ್ರ 8:12). ಒತ್ತಾಯಕ್ಕೆ ಕೊಡಬಾರದು ಎಂಬುದೂ ಅದೇ ಪತ್ರದಲ್ಲಿದೆ (9:7).

ಅವರ ಮಾತುಗಳಲ್ಲಿ ನಮಗೆ ಹೆಚ್ಚು ಕಳವಳ ತಂದದ್ದು 'ನಿಮ್ಮ ಸಭೆಯವರಿಗೆ ಬೆಲೆ ಗೊತ್ತಿಲ್ಲ' ಎಂಬುದು. ಅರಸ ದಾವೀದನ ಮಗ ಅಬ್ಷಾಲೋಮನು ಊರಬಾಗಿಲಲ್ಲಿ ನಿಂತು, ನ್ಯಾಯ ಕೇಳಲು ಬಂದವರಿಗೆ 'ನಿನ್ನ ವ್ಯಾಜ್ಯ ಸರಿಯಾಗಿದೆ, ಆದರೆ ಅರಸನ ಕಡೆಯಿಂದ ಕೇಳುವವರೇ ಇಲ್ಲ' ಎಂದು ಹೇಳಿಯೇ ಜನರ ಮನಸ್ಸು ಕದ್ದ (2 ಸಮುವೇಲ 15:2-6). ಇಂಥ ಮಾತು ನಿಮ್ಮನ್ನು ನಿಮ್ಮವರಿಂದ ದೂರ ಮಾಡುತ್ತದೆ. ಆಮೇಲೆ ಸಲಹೆ ಕೇಳಲು ಆ ಹೊಗಳಿದವರೊಬ್ಬರೇ ಉಳಿಯುತ್ತಾರೆ.

ಒಲ್ಲೆ ಅಂದರೆ ದೇವರ ಸೇವಕರನ್ನು ನೋಯಿಸಿದಂತೆ ಆಗುವುದಿಲ್ಲ. ಬೆರೋಯ ಊರಿನವರು ಅಪೊಸ್ತಲನಾದ ಪೌಲನ ಬೋಧನೆಯನ್ನೇ ಶಾಸ್ತ್ರದ ಜೊತೆ ಹೋಲಿಸಿ ನೋಡಿದರು, ಅದಕ್ಕೆ ಅವರಿಗೆ ಮೆಚ್ಚುಗೆಯೇ ಸಿಕ್ಕಿತು (ಅಪೊಸ್ತಲರ ಕೃತ್ಯಗಳು 17:11). ಪ್ರವಾದನೆಯನ್ನು ತಿರಸ್ಕರಿಸಬೇಡಿ, ಆದರೆ ಪರೀಕ್ಷಿಸಿ ಎಂದವನೂ ಪೌಲನೇ. ಯೆರೂಸಲೇಮಿಗೆ ಸಹಾಯದ ಹಣ ಒಯ್ಯುವಾಗ, ಯಾರೂ ಬೆರಳು ತೋರಿಸದಿರಲೆಂದು ಸಭೆಗಳು ಆರಿಸಿದವರನ್ನು ಜೊತೆಗಿಟ್ಟುಕೊಂಡ. ಹಾಗಾಗಿ ಲೆಕ್ಕ ಯಾರು ಇಡುತ್ತಾರೆ, ರಸೀದಿ ಉಂಟೇ, ನಿಮ್ಮ ಸಭಾಪಾಲಕರಿಗೆ ಗೊತ್ತೇ ಎಂದು ಕೇಳುವುದು ಅವಿಶ್ವಾಸವಲ್ಲ.

ಹೇಳುವುದಾದರೆ ಇಷ್ಟೇ ಹೇಳಿ: "ಪ್ರಾರ್ಥನೆಗೆ ಬರ್ರಿ. ಸಾಲ ಮಾತ್ರ ಮಾಡಿ ಕೊಡೂದಿಲ್ಲ." ಕಾರಣ ಕೊಡಬೇಡಿ. 'ಮನೆಯವರು ಒಪ್ಪೋದಿಲ್ಲ' ಎಂದರೆ ಮನೆಯವರನ್ನು ಒಪ್ಪಿಸಲು ಬರುತ್ತಾರೆ; 'ಈ ತಿಂಗಳು ಆಗೂದಿಲ್ಲ' ಎಂದರೆ ಮುಂದಿನ ತಿಂಗಳು ಬರುತ್ತಾರೆ. ಈ ಮಾತು ಹೇಳುವಾಗ ಮನೆಯಲ್ಲಿ ಇನ್ನೊಬ್ಬರು ಇರಲಿ. ನೀವು ಒಲ್ಲೆ ಎಂದ ಮೇಲೆ ಅವರ ನಡತೆ ಗಮನಿಸಿ: ಹೊಗಳಿಕೆ ಹೋಗಿ ಸಿಟ್ಟು ಬಂದರೆ, 'ಆಶೀರ್ವಾದ ಕಳಕೊಳ್ತೀರಿ' ಎಂದು ಹೆದರಿಸಿದರೆ, ಆ ಹೊಗಳಿಕೆ ಬಂದದ್ದೇ ಹಣಕ್ಕಾಗಿ.

ಆಧಾರ್ ಪ್ರತಿ, ಪಾಸ್‌ಬುಕ್, ಒಟಿಪಿ, ಖಾಲಿ ಕಾಗದದ ಮೇಲೆ ಸಹಿ, ಯಾವುದನ್ನೂ ಕೊಡಬೇಡಿ. ಈಗಾಗಲೇ ಕೊಟ್ಟಿದ್ದರೆ ಇಂದೇ ಸಂಘದ ಅಧ್ಯಕ್ಷೆಗೂ ಬ್ಯಾಂಕಿಗೂ ಬರೆದು ತಿಳಿಸಿ. ಸಭಾಪಾಲಕರಿಗೆ ಮತ್ತು ನೀವು ನಂಬುವ ಹಿರಿಯಳೊಬ್ಬಳಿಗೆ ವಿಷಯ ಗೊತ್ತಿರಲಿ. ತಪ್ಪು ಮಾಡಿದ ಸಹೋದರನೊಂದಿಗೆ ಮೊದಲು ಒಬ್ಬರೇ ಮಾತಾಡಬೇಕು ಎಂದು ಮತ್ತಾಯ 18 ಹೇಳುವುದು ನಿಜ. ಭಯವಿದ್ದಲ್ಲಿ ಹೆಣ್ಣುಮಗಳು ಒಂಟಿಯಾಗಿ ಹೋಗಲೇಬೇಕೆಂದು ಅದನ್ನು ಓದಬಾರದು. ಹಣ ಕೊಟ್ಟಾಗಿದ್ದರೆ ದಿನಾಂಕ, ಮೊತ್ತ ಬರೆದಿಡಿ, ಮೊಬೈಲಿನ ಸಂದೇಶ ಅಳಿಸಬೇಡಿ, ಪೊಲೀಸ್ ಠಾಣೆಗೆ ಹೋಗಲು ಅಂಜಬೇಡಿ.

ಪ್ರಶ್ನೆ: ಸಂಡೇ ಸ್ಕೂಲ್ ಮಕ್ಕಳನ್ನು ಹೊಗಳಿ ಕೆಲಸ ಮಾಡಿಸುತ್ತೇನೆ. ಇದೂ ಮುಖಸ್ತುತಿಯೇ?
— ಶಿಕ್ಷಕಿ, ಬೆಳಗಾವಿ ಕ್ಯಾಂಪ್

ಉತ್ತರ: ರೋಮಾಪುರದವರಿಗೆ ಬರೆದ ಪತ್ರದ 16ನೇ ಅಧ್ಯಾಯ ತೆರೆಯಿರಿ. ನಯವಾದ ಮಾತಿನಿಂದ ಮುಗ್ಧರನ್ನು ಮೋಸಗೊಳಿಸುವವರ ಬಗ್ಗೆ 18ನೇ ವಚನ ಎಚ್ಚರಿಸುತ್ತದೆ. ಅದೇ ಅಧ್ಯಾಯದ ಆರಂಭದಲ್ಲಿ ಪೌಲ ಹೆಸರು ಹಿಡಿದು ಹೊಗಳುತ್ತಾನೆ: ಫೊಯಿಬೆ ಅನೇಕರಿಗೆ ನೆರವಾದಳು, ಪ್ರಿಸ್ಕ ಮತ್ತು ಅಕ್ವಿಲ ತನಗಾಗಿ ಪ್ರಾಣವನ್ನೇ ಪಣಕ್ಕಿಟ್ಟರು. ಆದ ಕೆಲಸವನ್ನು ಇದ್ದ ಹಾಗೆ, ಎಲ್ಲರೆದುರು ಹೇಳಿದ್ದಾನೆ. ನೀವೂ 'ನೀ ಭಾಳ ಶಾಣ್ಯಾ' ಎನ್ನುವ ಬದಲು 'ಹೊಸದಾಗಿ ಬಂದ ಹುಡುಗನಿಗೆ ಜಾಗ ಬಿಟ್ಟಿ, ಚಲೋ ಮಾಡಿದಿ' ಅನ್ನಿ. ಕುರ್ಚಿ ಎತ್ತಿಡಿಸಬೇಕಿದ್ದರೆ ಹೊಗಳಬೇಡಿ, ಕುರ್ಚಿ ಎತ್ತಿಡು ಎಂದೇ ಹೇಳಿ.