ಲೆಕ್ಕ ಕೇಳಿದರೆ ಅವಮಾನವೇ?

ಮಾಸ್ಟಡಾನ್ ಎಂದರೆ ಟ್ವಿಟರ್‌ನಂಥ ಜಾಲತಾಣ; ಬೇರೆ ಬೇರೆ ಜನ ನಡೆಸುವ, ಒಂದಕ್ಕೊಂದು ಬೆಸೆದುಕೊಂಡ ಸರ್ವರುಗಳ ಮೇಲೆ ನಡೆಯುತ್ತದೆ. ಅಂಥ ಸರ್ವರನ್ನು ಸಂಬಳವಿಲ್ಲದೆ ನಡೆಸಿ ಹೈರಾಣಾದವರು ಒಬ್ಬರಾದ ಮೇಲೊಬ್ಬರು ಆಪ್ತಸಲಹೆಗಾರ್ತಿಯಾದ ನನ್ನ ಬಳಿ ಬರುತ್ತಿದ್ದಾರೆ. ಅವರಲ್ಲೊಬ್ಬರ ಪ್ರಕರಣವನ್ನು ಗುರುತು ಬದಲಿಸಿ ಬರೆದಿದ್ದೇನೆ.

ಧಾರವಾಡ ಕಡೆಯವರು, ಪುಣೆಯ ಹಿಂಜವಡಿಯಲ್ಲಿ ನೌಕರಿ. ನಿದ್ದೆ ಕೆಟ್ಟಿತ್ತು. ದೇಣಿಗೆ ಏನಾಯಿತು ಎಂದು ಸದಸ್ಯರೊಬ್ಬರು ಕೇಳಿದ್ದಕ್ಕೆ ಸರ್ವರನ್ನೇ ಮುಚ್ಚಲು ಹೊರಟಿದ್ದರು. ಹೆಂಡತಿ ಕರೆತಂದರು.

"ಲೆಕ್ಕ ಕೊಟ್ರ ಕಳ್ಳ ಅಂತ ಒಪ್ಪಿಕೊಂಡಂಗ ಆಗೂದಿಲ್ಲೇನ್ರಿ, ಮೇಡಂ?" ಎಂದರು ಆತ.

ಡೊಮೈನ್, ಅಂದರೆ ಸರ್ವರಿನ ಅಂತರ್ಜಾಲ ವಿಳಾಸ, ಯಾರ ಹೆಸರಿನಲ್ಲಿದೆ ಎಂದು ಕೇಳಿದೆ.

"ನನ್ನ ಹೆಸರಿಲೇ."

"ಬಿಲ್ ಕಟ್ಟುವ ಕಾರ್ಡು?"

"ಅದೂ ನಂದ."

"ಬ್ಯಾಕಪ್?"

"ಮನ್ಯಾಗ, ಹಾರ್ಡ್ ಡಿಸ್ಕಿನ್ಯಾಗ."

"ನಿಮಗೆ ಡೆಂಗಿ ಬಂದು ಆಸ್ಪತ್ರೆ ಸೇರಿದರೆ?"

"ಲ್ಯಾಪ್‌ಟಾಪ್ ತಗೊಂಡ ಹೋಗ್ತಾರ್ರೀ," ಎಂದರು ಹೆಂಡತಿ. ಆತ ನಗಲಿಲ್ಲ.

ಬೀಗದ ಕೈಗೊಂಚಲು ಒಬ್ಬರ ಸೊಂಟದಲ್ಲೇ ಇದ್ದರೆ ಅವರಿಗೆಲ್ಲಿಯ ನಿದ್ದೆ? ಆಪ್ತಸಲಹೆಗಾರ್ತಿಗೆ ಡೊಮೈನ್ ಉಸಾಬರಿ ಏಕೆ ಎಂದು ಸಹೋದ್ಯೋಗಿಗಳು ಕೇಳಿದ್ದುಂಟು. ಉಸಿರಾಟದ ಅಭ್ಯಾಸ ಹೇಳಿಕೊಟ್ಟು ಕಳಿಸಬಹುದಿತ್ತು. ಪಾಸ್‌ವರ್ಡ್ ಮಾತ್ರ ಮರುದಿನವೂ ಅವರೊಬ್ಬರ ಬಳಿಯೇ ಇರುತ್ತಿತ್ತು.

ಮೊದಲು ಡೊಮೈನ್. ಪ್ರತಿ ಸದಸ್ಯರ ವಿಳಾಸವೂ ಅದಕ್ಕೇ ಅಂಟಿಕೊಂಡಿದೆ. ನವೀಕರಣ ತಪ್ಪಿದರೆ ಖಾತೆ ಸ್ಥಳಾಂತರಿಸಲೂ ಆಗದು, ಏಕೆಂದರೆ ಸ್ಥಳಾಂತರದ ಸಂದೇಶ ಹೊರಡಬೇಕಾದದ್ದು ಹಳೆಯ ಸರ್ವರಿನಿಂದಲೇ. ಎಲ್ಲ ಸುಸೂತ್ರವಾದರೂ ಹಿಂಬಾಲಕರು ಬರುತ್ತಾರೆ, ಹಳೆಯ ಬರಹ ಬರುವುದಿಲ್ಲ. ಹಾಗಾಗಿ ಡೊಮೈನ್, ಸರ್ವರ್, ಬ್ಯಾಕಪ್ ಮೂರಕ್ಕೂ ಎರಡನೆಯವರಿಗೆ ಪ್ರವೇಶವಿರಲಿ ಎಂದೆ. ಡೇಟಾಬೇಸಿನ ಜೊತೆ ರಹಸ್ಯ ಕೀಲಿಗಳಿರುವ ಸಂರಚನಾ (ಸೆಟ್ಟಿಂಗ್) ಫೈಲೂ ಬ್ಯಾಕಪ್‌ನಲ್ಲಿರಬೇಕು. ಜನ ಮರೆಯುವುದು ಅದನ್ನೇ. ಅದಿಲ್ಲದಿದ್ದರೆ ಎರಡು ಹಂತದ ಲಾಗಿನ್ ಕೈಕೊಡುತ್ತದೆ. ದಿನವೂ ಬ್ಯಾಕಪ್, ತುರ್ತಿಗೆ ಇನ್ನೊಬ್ಬರು, ಮುಚ್ಚುವ ಮುನ್ನ 3 ತಿಂಗಳ ಸೂಚನೆ: ಮಾಸ್ಟಡಾನ್ ತನ್ನ ಅಧಿಕೃತ ಪಟ್ಟಿಗೆ ಸೇರುವ ಸರ್ವರುಗಳಿಂದ ಕೇಳುವುದೂ ಇದನ್ನೇ.

ಲೆಕ್ಕಕ್ಕೆ ತಿಂಗಳಿಗೊಂದು ಪುಟ ಸಾಕು. ಸರ್ವರ್ ಬಾಡಿಗೆ, ಚಿತ್ರಗಳ ಸಂಗ್ರಹ, ಇಮೇಲ್, ಡೊಮೈನ್. ದೇಣಿಗೆಯ ಒಟ್ಟು ಮೊತ್ತ, ಕೊಟ್ಟವರ ಹೆಸರು ಬೇಡ. ಬೇರೆ ಸರ್ವರುಗಳಿಂದ ಬಂದ ಚಿತ್ರಗಳ ನಕಲು ಗುಡ್ಡೆ ಬಿದ್ದು ಬಿಲ್ ಏರುತ್ತದೆ. 7 ದಿನಕ್ಕೆ ಅಳಿಯುವಂತೆ ಮಾಡಿ, ಬಿಲ್ ಇಳಿದದ್ದನ್ನೂ ಬರೆಯಿರಿ ಎಂದೆ. ಹಣದ್ದಷ್ಟೇ ಅಲ್ಲ, ತೀರ್ಮಾನಗಳ ಲೆಕ್ಕವೂ ಇರಲಿ: ನಿರ್ಬಂಧಿಸಿದ ಬೇರೆ ಸರ್ವರುಗಳ ಪಟ್ಟಿಯನ್ನು ಕಾರಣದೊಂದಿಗೆ ತೋರಿಸುವ ಸೌಲಭ್ಯ ಮಾಸ್ಟಡಾನ್‌ನಲ್ಲೇ ಇದೆ. ದೂರು ಕೊಟ್ಟವರ ಹೆಸರು ಮಾತ್ರ ಎಲ್ಲೂ ಬರಬಾರದು.

ಅಧಿಕಾರ ಬಿಡುವುದೆಂದರೆ ಸೋಲು ಎಂಬ ಭಾವನೆ ಆಗಲೂ ಹೋಗಿರಲಿಲ್ಲ. ಮಾಸ್ಟಡಾನ್ ಕಟ್ಟಿದ ಯೂಜೆನ್ ರೋಚ್ಕೋ ಅದನ್ನು ಲಾಭರಹಿತ ಸಂಸ್ಥೆಗೆ ಒಪ್ಪಿಸುವುದಾಗಿ 2025ರ ಜನವರಿಯಲ್ಲಿ ಪ್ರಕಟವಾದದ್ದನ್ನು ನೆನಪಿಸಿದೆ. "ಅವರಿಗೆ ಮಂದಿ ಇದ್ದಾರ್ರೀ," ಎಂದರು.

ಅದೂ ನಿಜವೇ. ಅಂಥ ಸಂಸ್ಥೆಗೆಂದು ಸಂಘ ನೋಂದಾಯಿಸಲು ಕನಿಷ್ಠ 7 ಜನ ಬೇಕು, ಮಹಾರಾಷ್ಟ್ರದಲ್ಲಿ ಸಾರ್ವಜನಿಕ ನ್ಯಾಸ ಕಾಯ್ದೆಯ ನೋಂದಣಿಯೂ ಜೊತೆಗಿದೆ. ಅವರಿಗೆ ಸಿಕ್ಕವರು 4 ಜನ. ಸದ್ಯ ಲಿಖಿತ ಒಪ್ಪಂದ ಮಾಡಿಕೊಂಡು, ರಾತ್ರಿಯ ದೂರುಗಳಿಗೆ ಪಾಳಿ ಹಾಕಿದ್ದಾರೆ. ಡೊಮೈನ್ ಇನ್ನೂ ಅವರ ಹೆಸರಿನಲ್ಲೇ ಇದೆ.