ಹಾಲನ್ನು ‘ಆಲು’ ಎಂದು ಓದುವ ಮೂರನೇ ತರಗತಿಯ ಮಕ್ಕಳನ್ನು ತಿದ್ದುವುದು ಹೇಗೆ? ವರ್ಣಮಾಲೆಯನ್ನು ಮತ್ತೆ ಮೊದಲಿನಿಂದ ಹೇಳಿಸಬೇಕೇ?

ದಯವಿಟ್ಟು ಬೇಡ. ಮಂಡ್ಯ ಜಿಲ್ಲೆಯ ಕಿರಿಯ ಪ್ರಾಥಮಿಕ ಶಾಲೆಯೊಂದಕ್ಕೆ ನೇಮಕವಾದ ಹೊಸದರಲ್ಲಿ ನಾನು ಅದನ್ನೇ ಮಾಡಿದ್ದೆ. ಕರಾವಳಿಯಲ್ಲಿ ಬೆಳೆದವಳು ನಾನು. ಹಕಾರ ಬಿದ್ದುಹೋದರೆ ಅನ್ನದಲ್ಲಿ ಕಲ್ಲು ಸಿಕ್ಕಂತಾಗುತ್ತಿತ್ತು.

ಚಟುವಟಿಕೆಗಳ ಮೂಲಕ ಕಲಿಸುವ ನನ್ನ ನಲಿ-ಕಲಿ ಗುಂಪಿನಲ್ಲಿ ಒಬ್ಬಳು ಮಾತಿನ ಮಲ್ಲಿ ಇದ್ದಳು. ‘ಹಸು ಹಾಲು ಕೊಡುತ್ತದೆ’ ಎಂಬ ಸಾಲನ್ನು ‘ಅಸು ಆಲು ಕೊಡುತ್ತದೆ’ ಎಂದು ಸರಾಗವಾಗಿ ಓದಿದಳು. “ಅಸು ಅಲ್ಲ ಪುಟ್ಟಿ, ಹಸು. ಇನ್ನೊಮ್ಮೆ ಹೇಳು” ಎಂದೆ. ಹೇಳಿದಳು. ‘ಆಲು’ ಬಂತು, ಮತ್ತೆ ತಡೆದೆ. ಹೀಗೆ ತಡೆತಡೆದು ಮೂರನೆಯ ಪದಕ್ಕೆ ಬರುವಷ್ಟರಲ್ಲಿ ಹಸುವೂ ಹಾಲೂ ಅವಳ ತಲೆಯಿಂದ ಜಾರಿರುತ್ತಿದ್ದವು. ದಿನಾ ಇದೇ ಕಥೆ. ಬರಬರುತ್ತಾ ಅವಳು ಒಂದು ಪದ ಓದುವುದು, ನನ್ನ ಮುಖ ನೋಡುವುದು, ನಾನು ಹುಬ್ಬು ಗಂಟಿಕ್ಕದಿದ್ದರೆ ಮುಂದಿನ ಪದಕ್ಕೆ ಹೋಗುವುದು ಎಂದಾಯಿತು. ಪುಸ್ತಕದಲ್ಲಿರಬೇಕಾದ ಕಣ್ಣು ನನ್ನ ಹುಬ್ಬಿನ ಮೇಲಿತ್ತು. ಆಮೇಲಂತೂ ಓದು ಎಂದರೆ ಬಾಯಿಯನ್ನೇ ಬಿಡುತ್ತಿರಲಿಲ್ಲ. ಉಳಿದವರು ಜಾಣರು, ಸಿಕ್ಕಸಿಕ್ಕದ್ದಕ್ಕೆಲ್ಲ ಹಕಾರ ಹಚ್ಚಿದರು. ‘ಅಮ್ಮ ಹಕ್ಕಿ ಬೇಯಿಸಿದಳು’ ಎಂದು ಒಬ್ಬ ಗಂಭೀರವಾಗಿ ಓದಿದ. ಪಾಠದಲ್ಲಿದ್ದದ್ದು ಅಕ್ಕಿ! ಅದನ್ನು ಕೇಳಿಯೂ ನನಗೆ ಬುದ್ಧಿ ಬರಲಿಲ್ಲ, ಅವನನ್ನೂ ತಿದ್ದಲು ಕೂತೆ.

ಆ ಹುಡುಗಿಯನ್ನು ‘ಓದಲು ಬಾರದವರ’ ಪಟ್ಟಿಗೆ ಸೇರಿಸಿದವಳೂ ನಾನೇ. ವರ್ಷದ ಕೊನೆಯಲ್ಲಿ ಅವಳ ತಂದೆ ಟಿ.ಸಿ. ಕೇಳಿಕೊಂಡು ಬಂದರು. “ಇಲ್ಲಿ ಇವಳಿಗೆ ಓದು ಹತ್ತುತ್ತಿಲ್ಲ ಮೇಡಂ” ಎಂದರು. ಅವಳ ತಮ್ಮನನ್ನೂ ನಮ್ಮಲ್ಲಿಗೆ ಸೇರಿಸದೆ ತಾಲ್ಲೂಕು ಕೇಂದ್ರದ ಇಂಗ್ಲಿಷ್ ಮಾಧ್ಯಮ ಶಾಲೆಗೆ ಹಾಕಿದರು. ಮಕ್ಕಳ ಸಂಖ್ಯೆಯ ಮೇಲೆಯೇ ಉಸಿರಾಡುವ ಊರಿನ ಶಾಲೆಗೆ ಇದು ಸಣ್ಣ ನಷ್ಟವಲ್ಲ. ಅವಳಿಗೆ ಓದು ಮೊದಲೇ ಹತ್ತಿತ್ತು, ಬಿಡಿಸಿದ್ದು ನಾನು.

ಆದ್ದರಿಂದ ತಿದ್ದುವ ಮೊದಲು ತಪ್ಪು ಇದೆಯೇ ಎಂದು ನೋಡಿ. ಎರಡು ಮಿಂಚುಪಟ್ಟಿ (ಫ್ಲ್ಯಾಶ್ ಕಾರ್ಡ್) ಬರೆಯಿರಿ: ‘ಆರು’, ‘ಹಾರು’. ಓದಿದ್ದನ್ನು ಮಗು ಮಾಡಿ ತೋರಿಸಲಿ. ಬಾಯಲ್ಲಿ ಎರಡಕ್ಕೂ ‘ಆರು’ ಎಂದೇ ಬಂದೀತು. ಆದರೆ ಒಂದಕ್ಕೆ ಆರು ಬೆರಳೆತ್ತಿ, ಇನ್ನೊಂದಕ್ಕೆ ಕೈ ಬಡಿದುಕೊಂಡು ಕುಪ್ಪಳಿಸಿದರೆ ಅದು ಸರಿಯಾಗಿಯೇ ಓದಿದೆ, ತನ್ನ ಮನೆಯ ಬಾಯಲ್ಲಿ. ಬದಲಿಗೆ ‘ಹಾವು’ ನೋಡಿ ‘ಆಮ’ ಎಂದರೆ ಎಚ್ಚರಗೊಳ್ಳಿ. ‘ವು’ ಮತ್ತು ‘ಮ’ ಆ ಕಣ್ಣಿಗೆ ಇನ್ನೂ ಒಂದೇ ಆಗಿ ಕಾಣುತ್ತಿವೆ. ನಿಮ್ಮ ಸಮಯವೆಲ್ಲ ಅಲ್ಲಿ ಹೋಗಲಿ, ಒತ್ತಕ್ಷರಗಳ ಮೇಲೆ ಹೋಗಲಿ.

ಇನ್ನು ವರ್ಣಮಾಲೆ. 1995ರಲ್ಲಿ ಎಚ್.ಡಿ. ಕೋಟೆಯಲ್ಲಿ ಆರಂಭವಾದ ನಲಿ-ಕಲಿಯಲ್ಲಿ ಅ ಆ ಇ ಈ ಬಿಟ್ಟು ‘ರ ಗ ಸ ದ ಅ’ದಿಂದ ಕಲಿಸುವುದು ಸುಮ್ಮನೆ ಅಲ್ಲ. ಐದೇ ಅಕ್ಷರ ಬಂದರೆ ಸರ, ಗರಗಸ, ಅರಸ, ದಸರ ಓದಬಹುದು. ಅರ್ಥವಿರುವ ಪದ ಓದಿದ ಮಗುವನ್ನು ಮೂರನೇ ತರಗತಿಯಲ್ಲಿ ಮತ್ತೆ ಕಂಠಪಾಠಕ್ಕೆ ಕೂರಿಸುವುದು ಶಿಕ್ಷೆಯೇ ಸರಿ.

ಹಾಗಾದರೆ ಹಕಾರ ಬೇಡವೇ? ಬೇಕು, ಬರವಣಿಗೆಯಲ್ಲಿ. ‘ಆಲು’ ಎನ್ನುವ ಮಗು ಉಕ್ತಲೇಖನದಲ್ಲಿ ‘ಆಲು’ ಎಂದೇ ಬರೆಯುತ್ತದೆ. ಅಲ್ಲಿ ಬಿಡಬೇಡಿ: “ನಾವು ಹೀಗೆ ಹೇಳುತ್ತೇವೆ, ಪುಸ್ತಕದಲ್ಲಿ ಹೀಗೆ ಬರೆಯುತ್ತಾರೆ” ಎಂದು ಎರಡನ್ನೂ ಬೋರ್ಡಿನ ಮೇಲೆ ತೋರಿಸಿ. ಹಳಗನ್ನಡದ ಪಾಲ್ ಹಾಲಾಗಿ, ಆ ಹಾಲೇ ಈ ಸೀಮೆಯಲ್ಲಿ ಆಲಾಗಿದೆ, ಅದರಲ್ಲಿ ನಾಚಿಕೆಪಡುವಂಥದ್ದೇನಿದೆ? ಗಟ್ಟಿಯಾಗಿ ಓದುತ್ತಿರುವಾಗ ಮಾತ್ರ ಸಾಲು ಮುಗಿಯುವವರೆಗೆ ತಡೆಯಬೇಡಿ. ಮುಗಿದ ಮೇಲೂ ಮೊದಲು ಕೇಳಬೇಕಾದದ್ದು “ಹಸು ಏನು ಕೊಡುತ್ತದೆ?” ಎಂದು. ಶಾಲಾ ಭೇಟಿಗೆ ಬಂದವರು ‘ಉಚ್ಚಾರಣೆ ಸುಧಾರಿಸಬೇಕು’ ಎಂದು ಬರೆದು ಹೋದರೆ ಬರೆಯಲಿ ಬಿಡಿ, ನನ್ನ ಶಾಲೆಯಲ್ಲೂ ಬರೆದಿದ್ದಾರೆ.